ಗೆಳೆಯರು ಕೂಡಿ ಆಡುವ ಒಕ್ಕಲುತನ

ಕಲಬುರಗಿಯ ನಮ್ಮ ಓಣಿಯಲ್ಲಿ ವಾಸವಾಗಿರುವ ಗೃಹಸ್ಥರೊಬ್ಬರು ಈಚೆಗೆ ನಮ್ಮಲ್ಲಿಗೆ ಬಂದು ಒಂದು ಪ್ರಶ್ನೆಯನ್ನು ಮುಂದಿಟ್ಟರು. ಇವರಿಗೆ ಕಮಲಾಪುರದ ಸೀಮೆಯಲ್ಲಿ ಹಿರಿಯರಿಂದ ಬಂದ ಐದೆಕರೆ ಹೊಲವುಂಟು. ಅದನ್ನು ಪಾಲಿಗೆ ಕೊಟ್ಟು ತಾವು ಪಟ್ಟಣದಲ್ಲಿ ಉದ್ಯೋಗಸ್ಥರಾಗಿರುವರು. ಮಗನು ಇಂಜಿನಿಯರಿಂಗ್ ವ್ಯಾಸಂಗದ ಕೊನೆಯ ವರುಷದಲ್ಲಿರುವನು. ಹಬ್ಬದ ದಿನ ಹೊಲಕ್ಕೆ ಬಾರೆಂದರೆ ಬಿಸಿಲಿನ ನೆಪ ಹೇಳುವ ಈ ಮಗನು, ರಾತ್ರಿ ಊಟವಾದೊಡನೆಯೇ ಕಂಪ್ಯೂಟರಿನ ಮುಂದೆ ಕುಳಿತು ನೆಲ ಅಗೆಯುವನಂತೆ, ಬೀಜ ಊರುವನಂತೆ, ಆಕಳಿಗೆ ಹುಲ್ಲು ಹಾಕುವನಂತೆ. ಅದೂ ಒಬ್ಬನೇ ಅಲ್ಲ. ಬೇರೆ ಬೇರೆ ಊರುಗಳಲ್ಲಿರುವ ಮೂವರು ಗೆಳೆಯರು ಅದೇ ಹೊತ್ತಿಗೆ ಅದೇ ಹೊಲದಲ್ಲಿ ಬಂದು ಕೂಡುವರಂತೆ. "ಇದನ್ನು ಬಿಡಿಸಬೇಕೋ, ಬಿಟ್ಟುಬಿಡಬೇಕೋ, ನೀವೇ ಹೇಳ್ರಿ ಮಾಸ್ತರ" ಎಂದು ಅವರು ಕೇಳಿದರು.

ಇಂಥ ಪ್ರಶ್ನೆಯು ಇಂದು ಅನೇಕ ಮನೆಗಳಲ್ಲಿ ತಲೆಯೆತ್ತಿರುವುದರಿಂದ ಈ ತಿಂಗಳ ಪುಟವನ್ನು ಅದಕ್ಕೇ ಮೀಸಲಿಡುವೆವು.

ಆಟಕ್ಕೂ ಒಕ್ಕಲುತನಕ್ಕೂ ಹಗೆಯೆಂಬ ಭಾವನೆ ನಮ್ಮ ದೇಶದಲ್ಲಿ ಬಲು ಪ್ರಾಚೀನವಾದುದು. ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತವನ್ನು ಅಕ್ಷಸೂಕ್ತವೆಂದು ಕರೆಯುವರು. ತಾರೆಕಾಯಿಯ ದಾಳಗಳಿಗೆ ಮನಸೋತು ಹೆಂಡತಿಯ ಒಲವನ್ನೂ ಮನೆಯ ನೆಮ್ಮದಿಯನ್ನೂ ಕಳೆದುಕೊಂಡ ಜೂಜುಗಾರನೊಬ್ಬನ ಪ್ರಲಾಪವು ಅದರಲ್ಲಿರುವುದು. ಕೊನೆಗೆ ಅವನಿಗೆ ಸವಿತೃದೇವನಿಂದ ದೊರೆಯುವ ಉಪದೇಶವು ಬಹಳ ಸರಳವಾದುದು: ದಾಳವನ್ನು ಬಿಡು, ಹೊಲವನ್ನು ಉಳು. ಉಳುವುದೇ ಆಟವಾದ ಈ ಕಾಲದ ಹುಡುಗರು ಆ ಅಪ್ಪಣೆಯನ್ನು ಪಾಲಿಸಿದಂತಾಯಿತೋ ಮೀರಿದಂತಾಯಿತೋ ಎಂಬುದನ್ನು ನಿರ್ಣಯಿಸುವುದು ಪಂಡಿತರಿಗೂ ಕಷ್ಟವೇ ಸರಿ. ಆದರೆ ಬಿತ್ತನೆಯನ್ನು ಆಟವಾಗಿಸಿದವರಲ್ಲಿ ಇವರೇ ಮೊದಲಿಗರಲ್ಲ. ನಮ್ಮ ಮನೆಗಳ ಅಳಗುಳಿಮಣೆಯನ್ನು ನೆನೆದುಕೊಳ್ಳಿರಿ. ಎರಡು ಸಾಲು, ಸಾಲಿಗೆ ಏಳರಂತೆ ಗುಳಿ. ಒಂದು ಗುಳಿಯ ಹುಣಸೆಬೀಜಗಳನ್ನೆಲ್ಲ ಬಾಚಿಕೊಂಡು ಮುಂದಿನ ಗುಳಿಗಳಲ್ಲಿ ಒಂದೊಂದಾಗಿ ಹಾಕುತ್ತ ಹೋಗುವ ಆ ಕೈಚಲನೆಯು ಬಿತ್ತುವವನ ಕೈಚಲನೆಯೇ ಅಲ್ಲವೆ? ನಮ್ಮ ಅಜ್ಜಿಯರು ಅದನ್ನಾಡಿದರೆಂದು ಯಾರೂ ಅವರನ್ನು ಸೋಮಾರಿಗಳೆನ್ನಲಿಲ್ಲ.

ಇನ್ನು ಈ ಹೊಸ ಆಟದ ವಿಚಾರ. ನಾವು ಎರಡು ಸಂಜೆ ಆ ಹುಡುಗನ ಬಳಿಯಲ್ಲಿ ಕುಳಿತು, ಅವನಿಂದಲೇ ಕೇಳಿ ತಿಳಿದು, ಕಣ್ಣಾರೆ ನೋಡಿದೆವು. ಒಕ್ಕಲುತನದ ವಿಡಿಯೋ ಆಟಗಳ ಪರಂಪರೆಯು ಜಪಾನಿನಿಂದ ಬಂದುದು. ಹಳ್ಳಿಗಾಡಿನಲ್ಲಿ ಬೆಳೆದು ಟೋಕಿಯೋ ನಗರವನ್ನು ಸೇರಿದ ಯಾಸುಹಿರೋ ವಾಡಾ ಎಂಬವರು ಬಿಟ್ಟುಬಂದ ಊರಿನ ನೆನಪಿನಿಂದ ರಚಿಸಿದ 'ಬೊಕುಜೋ ಮೊನೊಗತಾರಿ' ಎಂಬ ಆಟವು 1996ರಲ್ಲಿ ಹೊರಬಿದ್ದಿತು. ಅದನ್ನಾಡಿ ಬೆಳೆದ ಅಮೆರಿಕೆಯ ಎರಿಕ್ ಬರೋನ್ ಎಂಬ ತರುಣನು ಚಿತ್ರ, ಸಂಗೀತ, ಕಥೆ ಎಲ್ಲವನ್ನೂ ತಾನೊಬ್ಬನೇ ಹೊಂದಿಸಿ, ನಾಲ್ಕು ವರುಷಗಳಿಗೂ ಮಿಕ್ಕಿ ದುಡಿದು, 2016ರ ಫೆಬ್ರುವರಿಯಲ್ಲಿ 'ಸ್ಟಾರ್‌ಡ್ಯೂ ವ್ಯಾಲಿ' ಎಂಬುದನ್ನು ಹೊರತಂದನು. 2018ರಿಂದ ಅದನ್ನು ಗೆಳೆಯರು ಕೂಡಿ ಆಡಲು ಅನುಕೂಲವಾಯಿತು. ನಮ್ಮ ಓಣಿಯ ಹುಡುಗನು ಆಡುವುದು ಇದನ್ನೇ. ನಿಜವಾದ ಟ್ರ್ಯಾಕ್ಟರುಗಳನ್ನೇ ಹೋಲುವ ಯಂತ್ರಗಳಿಂದ ಉಳುವ ಮತ್ತೊಂದು ಜಾತಿಯ ಆಟವೂ ಉಂಟು, ಅದು ಸ್ವಿಟ್ಜರ್ಲೆಂಡಿನವರದು. ಯಂತ್ರಗಳ ಮೋಹವಿಲ್ಲದ ನಮಗೆ ಅದರಲ್ಲಿ ರುಚಿ ಹುಟ್ಟಲಿಲ್ಲ.

ಸ್ಟಾರ್‌ಡ್ಯೂ ಆಟದ ಕಥೆಯು ಗೃಹಸ್ಥರು ಕೇಳತಕ್ಕದ್ದಾಗಿದೆ. ಮರಣಶಯ್ಯೆಯಲ್ಲಿರುವ ಅಜ್ಜನೊಬ್ಬನು ಮೊಮ್ಮಗನಿಗೆ ಮುದ್ರೆಯೊತ್ತಿದ ಒಂದು ಪತ್ರವನ್ನು ಕೊಟ್ಟು, ಬಾಳಿನಲ್ಲಿ ಬೇಸತ್ತ ದಿನ ಇದನ್ನು ಒಡೆದು ನೋಡೆನ್ನುವನು. ಮೊಮ್ಮಗನು ಬೆಳೆದು ದೊಡ್ಡ ಕಂಪೆನಿಯೊಂದರ ಕಚೇರಿಯಲ್ಲಿ ಸಾಲಾಗಿ ಕುಳಿತ ನೌಕರರಲ್ಲೊಬ್ಬನಾಗಿ ಬೇಸತ್ತು, ಪತ್ರವನ್ನು ಒಡೆಯುವನು. ಅದರಲ್ಲಿ ಅಜ್ಜನ ಹೊಲದ ದಾನವಿರುವುದು. ಹೋಗಿ ನೋಡಿದರೆ ಕಲ್ಲು, ಕಳೆ, ಬಿದ್ದ ಮರದ ಬೊಡ್ಡೆಗಳಿಂದ ತುಂಬಿದ ಬೀಳುಭೂಮಿ. ಕೈಯಲ್ಲಿ ಹದಿನೈದು ಬೀಜ. ನಾಲ್ಕು ದಿನಕ್ಕೆ ಕೈಗೆ ಬರುವ ಪಾರ್ಸ್‌ನಿಪ್ ಎಂಬ, ಮೂಲಂಗಿಯನ್ನು ಹೋಲುವ ಗೆಡ್ಡೆ. ಅಲ್ಲಿಂದ ಬಾಳು ಆರಂಭವಾಗುವುದು. ವರುಷಕ್ಕೆ ನಾಲ್ಕೇ ಋತು, ಋತುವಿಗೆ 28 ದಿನ. ಷಡೃತುಗಳಲ್ಲಿ ಬೆಳೆದ ನಮಗೆ ಇದು ತುಸು ಕೊರತೆಯೆಂದೇ ತೋರಿತು. ಮೂರನೆಯ ವರುಷದ ಮೊದಲ ದಿನ ಅಜ್ಜನ ಆತ್ಮವು ಬಂದು, ಮೊಮ್ಮಗನು ಹೊಲವನ್ನು ಹೇಗೆ ನಡೆಸಿರುವನೆಂಬುದನ್ನು ಪರಿಶೀಲಿಸಿ, ಮೆಚ್ಚಿಗೆಯ ಪ್ರಮಾಣಕ್ಕೆ ತಕ್ಕಂತೆ ಒಂದರಿಂದ ನಾಲ್ಕರ ವರೆಗೆ ದೀಪಗಳನ್ನು ಹೊತ್ತಿಸುವುದು. ಶ್ರಾದ್ಧದ ದಿನವೂ ಅಜ್ಜನ ಹೆಸರನ್ನು ಪುರೋಹಿತರನ್ನೇ ಕೇಳಿ ತಿಳಿಯುವ ಮಕ್ಕಳಿರುವ ಕಾಲದಲ್ಲಿ ಇಂಥ ಕಥೆಯನ್ನು ದೂರದ ಅಮೆರಿಕೆಯವನೊಬ್ಬನು ಕಟ್ಟಿದನಲ್ಲಾ ಎಂದು ನಮಗೆ ಸೋಜಿಗವಾಯಿತು.

ಕೂಡಿ ಆಡುವ ಕ್ರಮವು ಹೀಗಿರುವುದು. ಹೊಲವು ಒಬ್ಬನ ಯಂತ್ರದಲ್ಲಿರುವುದು, ಅವನೇ ಒಡೆಯನು. ಉಳಿದವರು ಅಂತರ್ಜಾಲದ ಮೂಲಕ ಅಲ್ಲಿಗೆ ಬಂದು ತಮಗಾಗಿ ಕಟ್ಟಿದ ಗುಡಿಸಲುಗಳಲ್ಲಿ ಇರುವರು. ಒಡೆಯನು ಬಾಗಿಲು ತೆರೆಯದ ಹೊರತು ಉಳಿದವರು ಒಂದು ಗಿಡಕ್ಕೂ ನೀರು ಹಾಕಲಾರರು. ಆಟದ ಒಂದು ದಿನವು ನಮ್ಮ ಗಡಿಯಾರದ ಹದಿನಾಲ್ಕು ನಿಮಿಷದಷ್ಟು. ಒಬ್ಬನು ನೀರು ಹಾಕುವನು, ಒಬ್ಬನು ಕಟ್ಟಿಗೆ ಕಡಿಯುವನು, ಒಬ್ಬನು ಗಣಿಗಿಳಿದು ಕಲ್ಲೊಡೆಯುವನು, ಮತ್ತೊಬ್ಬನು ಸಮುದ್ರದ ದಂಡೆಯಲ್ಲಿ ಗಾಳ ಹಾಕಿ ಕುಳಿತುಕೊಳ್ಳುವನು. (ಈ ಕೊನೆಯವನ ಕೆಲಸವು ಕೆಲಸವೇ ಅಲ್ಲವೆಂದು ಉಳಿದ ಮೂವರ ನಿತ್ಯದ ದೂರು.) ಎಲ್ಲಕ್ಕಿಂತ ನಮಗೆ ಹಿಡಿಸಿದ ಕಟ್ಟಳೆಯೆಂದರೆ, ನಾಲ್ವರೂ ಹಾಸಿಗೆಯನ್ನು ಸೇರದೆ ಅಲ್ಲಿ ರಾತ್ರಿ ಕಳೆದು ಬೆಳಗಾಗದು. ಮೂವರು ಮಲಗಿ ಒಬ್ಬನು ಅಡವಿಯಲ್ಲಿ ಅಲೆಯುತ್ತಿದ್ದರೆ ಮೂವರೂ ಕಾಯಬೇಕು; ನಡುರಾತ್ರಿ ಎರಡು ಗಂಟೆಯಾದರೆ ಅಲೆಯುವವನು ನಿಂತಲ್ಲಿಯೇ ಮೂರ್ಛೆಹೋಗುವನು. "ಲೇ, ಲಗೂನ ಮಲಕೋ, ನಿನ್ನ ಸಲುವಾಗಿ ಬೆಳಗಾಗವಲ್ದು!" ಎಂದು ನಮ್ಮ ಓಣಿಯ ಹುಡುಗನು ಕೂಗಿದುದನ್ನು ನಾವೇ ಕೇಳಿದೆವು. ಕೂಡುಕುಟುಂಬದ ಅಡಿಗೆಮನೆಯಲ್ಲಿ ಕೊನೆಯ ಮಗನ ಊಟಕ್ಕಾಗಿ ಕಾದು ಕುಳಿತ ತಾಯಿಯರಿಗೆ ಈ ಮಾತಿನ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಹಣದ ವ್ಯವಹಾರದಲ್ಲಿಯೂ ಎರಡು ಪಕ್ಷಗಳುಂಟು. ಗಂಟು ಒಂದೇ ಇರಬಹುದು, ಇಲ್ಲವೆ ಬೇರೆ ಬೇರೆಯಾಗಿರಬಹುದು. ಈ ನಾಲ್ವರು ಒಂದೇ ಗಂಟನ್ನು ಆರಿಸಿಕೊಂಡಿದ್ದರು. ವಸಂತದ ಬೀಜಕ್ಕೆಂದು ಕೂಡಿಟ್ಟ ಹಣದಿಂದ ಒಬ್ಬನು ಯಾರನ್ನೂ ಕೇಳದೆ ತನ್ನ ಗುಡಿಸಲಿಗೆ ಅಲಂಕಾರದ ಸಾಮಾನನ್ನು ತಂದನಂತೆ. ಮೂರು ದಿನ ಮಾತುಕತೆ ನಿಂತಿತಂತೆ. ಕೊನೆಗೆ ಇಂತಿಷ್ಟಕ್ಕಿಂತ ಮೇಲಿನ ವೆಚ್ಚಕ್ಕೆ ನಾಲ್ವರ ಒಪ್ಪಿಗೆ ಬೇಕೆಂದು ಕಟ್ಟು ಮಾಡಿಕೊಂಡರಂತೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, ನಮ್ಮ ಈ ಸೀಮೆಯಲ್ಲಿಯೇ, ಮಿತಾಕ್ಷರವನ್ನು ರಚಿಸಿದ ವಿಜ್ಞಾನೇಶ್ವರನು ಅವಿಭಕ್ತ ಕುಟುಂಬದ ಸ್ವತ್ತಿನ ವಿಷಯವಾಗಿ ಎಷ್ಟು ಸೂಕ್ಷ್ಮವಾಗಿ ವಿಚಾರಿಸಿರುವನೆಂಬುದನ್ನು ಬಲ್ಲವರು ಬಲ್ಲರು. ಅದರ ಮೊದಲ ಪಾಠವನ್ನು ಈ ಹುಡುಗರು ಪುಸ್ತಕವಿಲ್ಲದೆಯೇ ಕಲಿತರು.

ಹಾಗೆಂದು ಆಟದ ಒಕ್ಕಲುತನವು ನಿಜವಾದ ಒಕ್ಕಲುತನವನ್ನು ಕಲಿಸುವುದೆಂದು ಯಾರೂ ಭ್ರಮಿಸಬಾರದು. ಅಲ್ಲಿಯ ದೂರದರ್ಶನದಲ್ಲಿ ನಾಳೆ ಮಳೆಯೆಂದರೆ ಮಳೆಯೇ. ಸಂಸ್ಕೃತದ ಕೃಷಿಪರಾಶರದಲ್ಲಿ ಗ್ರಹಗಳಿಂದಲೂ ಗಾಳಿಯಿಂದಲೂ ಮಳೆಯನ್ನು ಅರಿಯುವ ಬಗೆಗಳನ್ನು ಎಷ್ಟೋ ಶ್ಲೋಕಗಳಲ್ಲಿ ಹೇಳಿದೆ. ಅಷ್ಟು ಹೇಳಬೇಕಾಗಿ ಬಂದುದೇ ಮಳೆಯು ಎಷ್ಟು ದುರ್ಜ್ಞೇಯವೆಂಬುದಕ್ಕೆ ಸಾಕ್ಷಿ. ಆಟದಲ್ಲಿ ನೀರು ತಪ್ಪಿದರೆ ಗಿಡವು ಬೆಳೆಯದೆ ನಿಲ್ಲುವುದಷ್ಟೆ, ಸಾಯದು. ಸಾವಿರ ಗೆಡ್ಡೆ ಮಾರಿದರೂ ಧಾರಣೆಯು ಒಂದು ಕಾಸೂ ಇಳಿಯದು. ನಮ್ಮ ತೊಗರಿಯ ಮಾತೇನು? 2015ರಲ್ಲಿ ತೊಗರಿಬೇಳೆಯ ಬೆಲೆ ಆಕಾಶಕ್ಕೇರಿತೆಂದು ಎಲ್ಲರೂ ತೊಗರಿಯನ್ನೇ ಬಿತ್ತಿದರು. 2016-17ರ ಬೆಳೆ ಮನೆ ತುಂಬಿ ಬಂದಾಗ ಸರಕಾರವು ಕ್ವಿಂಟಲಿಗೆ 5,050 ರೂಪಾಯಿ ಬೆಂಬಲ ಬೆಲೆಯನ್ನು ಗೊತ್ತುಮಾಡಿದ್ದರೂ ಪೇಟೆಯ ಧಾರಣೆಯು ಅದಕ್ಕಿಂತ ಕೆಳಗೇ ಕುಸಿಯಿತು. ಖರೀದಿ ಕೇಂದ್ರಗಳ ಮುಂದೆ ಚೀಲಗಳ ಸಾಲು ಹತ್ತಿತು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತುದು ಸಂತೋಷದ ಸಂಗತಿಯೇ. ಆದರೆ ಗುರುತು ಧಾರಣೆಯನ್ನು ಕಾಯದು.

ಕಾಲದ ವಿಷಯದಲ್ಲಿಯೂ ಅಷ್ಟೆ. ಮುಂಗಾರಿನಲ್ಲಿ ಬಿತ್ತಿದ ತೊಗರಿಯು ರಾಶಿಗೆ ಬರುವುದು ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ. ಕಮಲಾಪುರದ ಕೆಂಪುಬಾಳೆಯಂತೂ ಬೇರೆ ಬಾಳೆಗಳಿಗಿಂತ ಹೆಚ್ಚು ದಿನ ತೆಗೆದುಕೊಳ್ಳುವಂಥದು. ಕಂದನ್ನು ನೆಟ್ಟವನು ಗೊನೆಯನ್ನು ಕಾಣಬೇಕಾದರೆ ಒಂದೂವರೆ ವರುಷದಷ್ಟು ಕಾಯಬೇಕು. ಗೊಬ್ಬರ, ನೀರು, ಆಳು ಎಲ್ಲವೂ ಹೆಚ್ಚು. ಅದರ ಬೆಲೆಯನ್ನು ಕಂಡು ಸಿರಿವಂತರ ಹಣ್ಣೆಂದು ಜನರು ಕರೆಯುವುದುಂಟು. ಬೆಳೆದವನು ಸಿರಿವಂತನೆಂದು ಅದರರ್ಥವಲ್ಲ.

ಈ ನಾಲ್ವರು ಗೆಳೆಯರ ಹೊಲದ ಒಡೆಯನು, ಎಂದರೆ ಯಾರ ಯಂತ್ರದಲ್ಲಿ ಆ ಹೊಲವಿರುವುದೋ ಅವನು, ಕಮಲಾಪುರದಲ್ಲಿ ನಿಜವಾಗಿಯೂ ಒಕ್ಕಲುತನ ಮಾಡುವ ಹುಡುಗನು. ನಾಲ್ವರೂ ಕಲಬುರಗಿಯಲ್ಲಿ ಒಂದೇ ಶಾಲೆಯಲ್ಲಿ ಓದಿದವರು. 2020ರಲ್ಲಿ ಸಾಂಕ್ರಾಮಿಕ ರೋಗದ ಕಾಲಕ್ಕೆ ಶಾಲೆಗಳು ಮುಚ್ಚಿದಾಗ ಇವನು ವಸತಿಗೃಹವನ್ನು ಬಿಟ್ಟು ಊರಿಗೆ ಹೋದನು. ಆಮೇಲೆ ತಂದೆಯ ದೇಹಸ್ಥಿತಿ ಕೆಟ್ಟುದರಿಂದ ಹಿಂದಿರುಗಿ ಬರಲಾಗಲಿಲ್ಲ. ಉಳಿದವರಲ್ಲಿ ಒಬ್ಬನು ಇಲ್ಲಿಯೇ ಇರುವನು, ಒಬ್ಬನು ಬೆಂಗಳೂರಿಗೆ, ಮತ್ತೊಬ್ಬನು ಪುಣೆಗೆ ಹೋದನು. ಓದು ಬಿಟ್ಟು ಊರಿನಲ್ಲಿ ಉಳಿದವನ ಗೆಳೆತನವು ಓದಲು ಹೋದವರೊಡನೆ ಎಷ್ಟು ದಿನ ಬಾಳುವುದು? ಮೊದಲ ವರುಷ ಪತ್ರ, ಎರಡನೆಯ ವರುಷ ಹಬ್ಬದ ಹಾರೈಕೆ, ಮೂರನೆಯ ವರುಷ ಮದುವೆಯ ಕರೆಯೋಲೆ. ಮೂವತ್ತಕ್ಕೂ ಹೆಚ್ಚು ವರುಷ ಶಾಲೆಯಲ್ಲಿ ಕಳೆದ ನಾವು ಇದನ್ನು ಎಷ್ಟೋ ಸಲ ಕಂಡಿರುವೆವು. ಇವರಲ್ಲಿ ಹಾಗಾಗಲಿಲ್ಲ. ಪ್ರತಿ ರಾತ್ರಿ ಊರಿನಲ್ಲಿ ಉಳಿದವನೇ ಬಾಗಿಲು ತೆರೆಯಬೇಕು. ಹೋದವರು ಅವನಲ್ಲಿಗೆ ಬರಬೇಕು.

ನೀರಾವರಿಯ ಪಂಪಿಗೆ ಬೇಕಾದ ಮೂರು ಫೇಜಿನ ವಿದ್ಯುತ್ತು ಹಳ್ಳಿಗಳಲ್ಲಿ ಸರದಿಯ ಮೇಲೆ, ಅನೇಕ ವೇಳೆ ರಾತ್ರಿಯಲ್ಲಿ ಬರುವುದೆಂಬುದನ್ನು ಪಟ್ಟಣಿಗರು ಬಹುಮಂದಿ ಅರಿಯರು. ಆಟದ ನಡುವೆ ಕರೆಂಟು ಬಂದರೆ ಕಮಲಾಪುರದ ಹುಡುಗನು ಬ್ಯಾಟರಿ ಹಿಡಿದು ಬಾಳೆಯ ತೋಟಕ್ಕೆ ಹೋಗಲೇಬೇಕು. ಅವನು ಎದ್ದನೆಂದರೆ ನಾಲ್ವರ ಹೊಲವೂ ಮುಚ್ಚಿದಂತೆಯೇ. ಮೊದಮೊದಲು ಬೆಂಗಳೂರಿನವನು ಗೊಣಗುತ್ತಿದ್ದನಂತೆ. ಈಗ ಬಾಳೆಯ ನೀರಿನ ಸರದಿಯನ್ನು ಮೊದಲು ಕೇಳಿ ತಿಳಿದು ಅದಕ್ಕೆ ತಕ್ಕಂತೆ ಆಟದ ಹೊತ್ತನ್ನು ನಿಶ್ಚಯಿಸುವರು.

2022ರ ಬೆಳೆಗೆ ಜಿಲ್ಲೆಯಲ್ಲೆಲ್ಲ ನೆಟೆರೋಗ ಬಿದ್ದುದು ಓದುಗರಿಗೆ ನೆನಪಿರಬಹುದು. ಹಸಿರಾಗಿ ನಿಂತು ಹೂವಿಗೆ ಕಾಯಿಗೆ ಬಂದ ತೊಗರಿಯು ಬೇರಿನಿಂದ ಮೇಲಕ್ಕೆ ಹಿಡಿದ ಬೂಷ್ಟಿನ ರೋಗದಿಂದ ನಿಂತಲ್ಲಿಯೇ ಒಣಗಿತು. ಇವನ ಹೊಲವೂ ಉಳಿಯಲಿಲ್ಲ. ಆಟದಲ್ಲಿ ಋತು ಬದಲಾಗಿ ಬೆಳೆ ಒಣಗಿದಾಗ ನಗುವುದು ಆ ಗೆಳೆಯರ ವಾಡಿಕೆಯಾಗಿದ್ದಿತು. ಅಂದು ಯಾರಿಗೂ ಬಾಯಿ ಬರಲಿಲ್ಲ. ಎಂಟು ಹತ್ತು ದಿನ ಬಾಗಿಲು ತೆರೆಯಲಿಲ್ಲ. ಆಮೇಲೆ ಒಂದು ರಾತ್ರಿ ಅವನು ತೆರೆದನು, ಆದರೆ ಮಾತಾಡಲಿಲ್ಲ. ತನ್ನ ಮನೆಯ ಮುಂದೆ ಸುಮ್ಮನೆ ನಿಂತನು. ಉಳಿದ ಮೂವರು ಅವನ ಪಾಲಿನ ನೀರನ್ನೂ ಹಾಕಿ, ದನಗಳನ್ನು ಕಟ್ಟಿ, ಮಲಗಿದರು. ಕೊನೆಗೆ ಅವನೂ ಹೋಗಿ ಮಲಗಿದನು, ಬೆಳಗಾಯಿತು. ಇಷ್ಟನ್ನು ನಮಗೆ ಹೇಳುವಾಗ ನಮ್ಮ ಓಣಿಯ ಹುಡುಗನು ತೆರೆಯ ಕಡೆಗೇ ನೋಡುತ್ತಿದ್ದನು.

ಮನೆಯ ಹಿರಿಯರು ಎಚ್ಚರವಹಿಸತಕ್ಕ ಸಂಗತಿಗಳೂ ಉಂಟು. ಎಲ್ಲ ಹೊಲದಾಟಗಳೂ ಒಂದೇ ಜಾತಿಯವಲ್ಲ. ಒಮ್ಮೆ ಬೆಲೆ ಕೊಟ್ಟು ಕೊಂಡರೆ ಮುಗಿಯುವ ಆಟ ಒಂದು ಬಗೆ, ಸ್ಟಾರ್‌ಡ್ಯೂ ಇಂಥದು. ಬಿಟ್ಟಿಯಾಗಿ ದೊರೆತು, ಬೆಳೆ ಬೇಗ ಬರಬೇಕಾದರೆ ವಜ್ರ ಕೊಳ್ಳಿರಿ, ವಜ್ರಕ್ಕೆ ರೂಪಾಯಿ ಕೊಡಿರೆಂದು ಹೆಜ್ಜೆಹೆಜ್ಜೆಗೆ ಕೈಚಾಚುವ ಮೊಬೈಲಿನ ಆಟಗಳು ಇನ್ನೊಂದು ಬಗೆ. 2009ರಲ್ಲಿ ಹುಟ್ಟಿ 2020ರ ಕೊನೆಗೆ ಕಣ್ಮುಚ್ಚಿದ 'ಫಾರ್ಮ್‌ವಿಲ್' ಎಂಬ ಪ್ರಸಿದ್ಧವಾದ ಆಟದಲ್ಲಿ, ಗೊತ್ತಾದ ಹೊತ್ತಿಗೆ ಬಂದು ಕೊಯ್ಯದಿದ್ದರೆ ಬೆಳೆ ಬಾಡಿಹೋಗುತ್ತಿದ್ದಿತು. ಕಚೇರಿಯ ಕೆಲಸದ ನಡುವೆ ಎದ್ದುಹೋಗಿ ಕೊಯ್ದು ಬಂದವರೂ ಇದ್ದರು. ಇಂಥವು ಅಕ್ಷಸೂಕ್ತದ ದಾಳಗಳಿಗೆ ಹತ್ತಿರದವೆಂದು ನಮ್ಮ ಅಭಿಪ್ರಾಯ. ಹಣವನ್ನು ಪಣವಾಗಿ ಒಡ್ಡುವ ಅಂತರ್ಜಾಲದ ಆಟಗಳನ್ನಂತೂ 2025ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಶಾಸನದಿಂದಲೇ ನಿಷೇಧಿಸಿತು. ಆಡುವುದು ಯಾವ ಬಗೆಯದೆಂಬುದನ್ನು ಮಗನ ಪಕ್ಕದಲ್ಲಿ ಒಂದು ಗಳಿಗೆ ಕುಳಿತರೆ ಯಾರಾದರೂ ಅರಿಯಬಹುದು. ರಾತ್ರಿ ಹತ್ತೂವರೆಯಾದ ಮೇಲೆ ಯಂತ್ರವು ಮುಚ್ಚತಕ್ಕದ್ದೆಂಬ ಕಟ್ಟಳೆಯು ಮನೆಯಲ್ಲಿದ್ದರೆ ಒಳ್ಳೆಯದು. ಕಣ್ಣಿಗೂ ನಿದ್ದೆಗೂ ಆಗುವ ಕೇಡು ಆಟವು ಒಳ್ಳೆಯದೆಂದ ಮಾತ್ರಕ್ಕೆ ತಪ್ಪುವುದಿಲ್ಲ.

ಆ ಗೃಹಸ್ಥರಿಗೆ ನಾವು ಇವೆಲ್ಲವನ್ನೂ ಹೇಳಿದೆವು. ಜತೆಗೆ ಅವರು ನಿರೀಕ್ಷಿಸದ ಇನ್ನೊಂದು ಮಾತನ್ನೂ ಹೇಳಬೇಕಾಯಿತು. ತಂದೆಯ ಹೊಲಕ್ಕೆ ಬಾರದ ಮಗನು ಗೆಳೆಯನ ಹೊಲಕ್ಕೆ ಹೋಗುವನು. ಪಾಲಿಗೆ ಕೊಟ್ಟ ಹೊಲದಲ್ಲಿ ಅವನಿಗಾಗಿ ಏನು ಕಾದಿರುವುದು? ಚರಗ ಚೆಲ್ಲಿ, ಸಜ್ಜೆಯ ಕಡುಬು ಭಜ್ಜಿಯನ್ನುಂಡು, ಬದುವಿನ ಮೇಲೆ ನಿಂತು ಹಿಂದಿರುಗುವ ಅತಿಥಿ ಅವನು. ಯಾವ ಸಾಲು ತನ್ನದೆಂದು ಅವನಿಗೆ ಯಾರೂ ತೋರಿಸಲಿಲ್ಲ. ಆಟದ ಹೊಲದಲ್ಲಿ ಅವನ ಪಾಲಿನ ಕೆಲಸವೊಂದುಂಟು. ಅವನು ಬಾರದಿದ್ದರೆ ಮೂವರು ಕೇಳುವರು. ಪಾಲುಗಾರನೊಡನೆ ಮಾತಾಡಿ ಅರ್ಧ ಎಕರೆಯನ್ನಾದರೂ ಮಗನ ಹೆಸರಿಗೆ ಬಿಡಿಸಿಕೊಳ್ಳಿರಿ, ಏನು ಬಿತ್ತುವುದೆಂಬುದನ್ನು ಅವನೇ ನಿರ್ಣಯಿಸಲಿ, ಕೆಟ್ಟರೆ ಕೆಡಲಿ ಎಂದೆವು. ಅವರು ವಿಚಾರಮಾಡುವೆನೆಂದು ಹೇಳಿ ಎದ್ದರು.

ಗೆಳೆಯನ ಹೊಲಕ್ಕೆ ಹೋದ ಸಂಗತಿ ಇದು. ತೊಗರಿಯನ್ನು ಬಿತ್ತಿದ ಒಂದೂವರೆ ತಿಂಗಳ ಮೇಲೆ ಅದರ ತುದಿಗಳನ್ನು ಚಿವುಟುವ ಪದ್ಧತಿಯೊಂದುಂಟು. ಕುಡಿ ಚಿವುಟಿದರೆ ಗಿಡವು ಮೇಲಕ್ಕೇರುವುದನ್ನು ಬಿಟ್ಟು ಪಕ್ಕಕ್ಕೆ ಟೊಂಗೆಯೊಡೆಯುವುದು. ಟೊಂಗೆ ಹೆಚ್ಚಿದಷ್ಟು ಕಾಯಿ ಹೆಚ್ಚು. ಇದು ಆಳು ಬೇಡುವ ಕೆಲಸ. ಹಿಂದೆ ಇಂಥದಕ್ಕೆಲ್ಲ ನಮ್ಮ ಹಳ್ಳಿಗಳಲ್ಲಿ ಮುಯ್ಯಿಯ ಆಳುಗಳಿದ್ದರು: ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು, ಕೂಲಿಯಿಲ್ಲ, ಲೆಕ್ಕವು ಮಾತ್ರ ಮನಸ್ಸಿನಲ್ಲಿ. ಯಂತ್ರವೂ ರೊಕ್ಕದ ಕೂಲಿಯೂ ಬಂದ ಮೇಲೆ ಅದು ಬಹಳ ಕಡೆ ಬಿಟ್ಟುಹೋಗಿದೆ. ನೆಟೆರೋಗದ ಮರುವರುಷ ಆಗಸ್ಟಿನ ರಜೆಯಲ್ಲಿ ಪುಣೆಯವನೂ ಬೆಂಗಳೂರಿನವನೂ ಕಲಬುರಗಿಗೆ ಬಂದು, ಮೂವರೂ ಹುಮನಾಬಾದಿನ ಬಸ್ಸು ಹತ್ತಿ, ಮಹಾಗಾಂವ ದಾಟಿ ಕಮಲಾಪುರದಲ್ಲಿಳಿದು, ಎರಡು ದಿನ ಕುಡಿ ಚಿವುಟಿದರು. ಮೊದಲ ದಿನ ಮೂವರೂ ಕೂಡಿ ಮಾಡಿದ ಕೆಲಸವು ಊರಿನ ಒಬ್ಬ ಹೆಂಗಸಿನ ಕೆಲಸಕ್ಕೆ ಸಮನಾಗಲಿಲ್ಲವೆಂದು ಅವನ ತಾಯಿ ಲೆಕ್ಕ ಹೇಳಿ ನಕ್ಕಳಂತೆ. ಎರಡನೆಯ ದಿನ ತುಸು ವಾಸಿ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಅವಳೇ ಹೊಲಕ್ಕೆ ತಂದು ಬಡಿಸಿದಳು.

ಆ ಮುಯ್ಯಿಯು ಇನ್ನೂ ತೀರಿಲ್ಲ. ಪುಣೆಯಲ್ಲಿಯೂ ಬೆಂಗಳೂರಿನಲ್ಲಿಯೂ ಹೊಲವಿಲ್ಲದವರಿಗೆ ಹೇಗೆ ತೀರಿಸುವುದೆಂದು ಕಮಲಾಪುರದ ಹುಡುಗನು ಕೇಳಿದಾಗ, ಕೆಂಪುಬಾಳೆಯ ಗೊನೆ ಕಡಿದ ದಿನ ತಲೆಗೊಂದು ಚಿಪ್ಪನ್ನು ಬಸ್ಸಿಗೆ ಹಾಕಿ ಕಳಿಸು ಎಂದರಂತೆ. ಹೊಸದಾಗಿ ನೆಟ್ಟ ಕಂದುಗಳು ಈಗ ಎದೆಯೆತ್ತರಕ್ಕೆ ಬಂದಿವೆ.